ಮರ ಸುಮ್ಮನಿರಬೇಕು, ಗಾಳಿ ಹಾಡಬೇಕು

ಹತ್ತಿಂಚಿನ ಸಬ್‌ವೂಫರ್ ಸ್ಪೀಕರನ್ನು ಪೆಟ್ಟಿಗೆಯಿಂದ ಬಿಚ್ಚಿ, ಬರೀ ಮೇಜಿನ ಮೇಲಿಟ್ಟು ಡೊಳ್ಳಿನ ಹಾಡೊಂದನ್ನು ಹಾಕಿ ನೋಡಿ. ಕೋನು ಕುಣಿಯುವುದು ಕಣ್ಣಿಗೆ ಕಾಣುತ್ತದೆ, ಡೊಳ್ಳಿನ ಗುಡುಗು ಮಾತ್ರ ಕಿವಿಗೆ ಬೀಳುವುದಿಲ್ಲ. ಕೋನು ಮುಂದೆ ಗಾಳಿಯನ್ನು ಒತ್ತಿದ ಕ್ಷಣದಲ್ಲೇ ಹಿಂದೆ ಗಾಳಿ ತೆಳುವಾಗುತ್ತದೆ. ಮುಂದಿನ ಒತ್ತಡ ಅಂಚು ಬಳಸಿ ಹಿಂದಕ್ಕೆ ನುಗ್ಗಿ, ಎರಡೂ ಒಂದನ್ನೊಂದು ವಜಾ ಮಾಡಿಕೊಳ್ಳುತ್ತವೆ. ಕೊಳಲಿನ ತಾರಸ್ವರದ ಅಲೆ ಗಿಡ್ಡ, ಅದಕ್ಕೆ ಈ ತೊಂದರೆ ಕಡಿಮೆ. 40 ಹರ್ಟ್ಸ್‌ನ ಮಂದ್ರದ ಅಲೆಯೋ ಎಂಟೂವರೆ ಮೀಟರಿಗೂ ಉದ್ದ. ಹತ್ತಿಂಚಿನ ತಟ್ಟೆ ಅದನ್ನು ತಡೆಯಲಾರದು. ನಡುವೆ ಗೋಡೆ ಬೇಕು. ಪೆಟ್ಟಿಗೆ ಆ ಗೋಡೆ.

ಪೂರ್ತಿ ಮುಚ್ಚಿದ ಪೆಟ್ಟಿಗೆಯಾದರೆ ಹಿಂದಿನ ಸದ್ದು ಒಳಗೇ ಸಾಯುತ್ತದೆ. ಅದನ್ನೂ ದುಡಿಸಿಕೊಳ್ಳುವ ಉಪಾಯವೇ ಪೈಪು ಕೂರಿಸಿದ ಪೆಟ್ಟಿಗೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್‌ಗೆ 1932ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಏಳುವ ಹೂಂಕಾರದ ಹಿಂದಿರುವ ತತ್ವವೇ ಇಲ್ಲಿಯೂ ಇದೆ. ಪೆಟ್ಟಿಗೆಯ ಗಾಳಿ ಸ್ಪ್ರಿಂಗಾಗುತ್ತದೆ, ಪೈಪಿನೊಳಗಿನ ಗಾಳಿ ಅದಕ್ಕೆ ತೂಗುಬಿದ್ದ ಭಾರವಾಗುತ್ತದೆ. ಭಾರ ಹೆಚ್ಚಿದಷ್ಟೂ ಶ್ರುತಿ ಇಳಿಯುತ್ತದೆ.

ಲೆಕ್ಕ ಬಡಿಗೇರನ ಟೇಪಿಗೆ ದಕ್ಕುವಂಥದ್ದೇ. ಒಳಗಿನ ಅಳತೆ 40, 40, 37.5 ಸೆಂಟಿಮೀಟರ್ ಇಟ್ಟರೆ 60 ಲೀಟರ್ ಗಾಳಿ. (ಸ್ಪೀಕರು, ಪೈಪು, ಅಡ್ಡಪಟ್ಟಿ ನುಂಗುವ ಜಾಗವನ್ನು ಬೇರೆಯಾಗಿ ಕೂಡಿಸಿಕೊಳ್ಳಬೇಕು.) 10 ಸೆಂಟಿಮೀಟರ್ ಒಳವ್ಯಾಸದ ಪಿವಿಸಿ ಪೈಪು 31 ಸೆಂಟಿಮೀಟರ್ ಉದ್ದವಿದ್ದರೆ ಶ್ರುತಿ ಸುಮಾರು 32 ಹರ್ಟ್ಸ್. ಪೈಪನ್ನು ಅರ್ಧಕ್ಕೆ ಕತ್ತರಿಸಿದರೆ ಅದು 41ರ ಆಸುಪಾಸಿಗೆ ಏರುತ್ತದೆ. ಶ್ರುತಿ ಕೂಡಿದ ಸ್ವರ ಬಂದಾಗ ಕೋನನ್ನು ಗಮನಿಸಿ: ಹೆಚ್ಚುಕಡಿಮೆ ನಿಂತೇ ಬಿಟ್ಟಿರುತ್ತದೆ, ಪೈಪಿನ ಬಾಯಿಯಿಂದ ಮಾತ್ರ ಗಾಳಿ ರಭಸವಾಗಿ ಹೊಯ್ದಾಡುತ್ತಿರುತ್ತದೆ. ಯಾವ ಸ್ಪೀಕರಿಗೆ ಎಷ್ಟು ಲೀಟರ್ ಹೊಂದುತ್ತದೆಂದು ಮೊದಲೇ ಹೇಳಬಲ್ಲ ಗಣಿತವನ್ನು ಕಟ್ಟಿಕೊಟ್ಟವರು ಆಸ್ಟ್ರೇಲಿಯಾದ ನೆವಿಲ್ ಥೀಲ್, 1961ರಲ್ಲಿ. ಆಮೇಲೆ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು.

ಇನ್ನು ಮರದ ಮಾತು. ವೀಣೆಗೆ ಹಲಸು ಆರಿಸುವವರು ಮರದ ದನಿ ಕೇಳಿ ಆರಿಸುತ್ತಾರೆ. ಸಬ್‌ವೂಫರಿನ ಬಡಿಗೇರ ಇದಕ್ಕೆ ತದ್ವಿರುದ್ಧ ನಡೆಯಬೇಕು, ಅವನ ಮರ ಬಾಯಿ ಬಿಡಕೂಡದು. ಹಲಗೆ ನಡುಗಿದರೆ ಹಾಡಿನಲ್ಲಿಲ್ಲದ ಸ್ವರ ಸೇರಿಕೊಳ್ಳುತ್ತದೆ. ಹಲಗೆಯ ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ 12 ಎಂ.ಎಂ. ಪ್ಲೈವುಡ್ಡಿಗಿಂತ 18 ಎಂ.ಎಂ.ನದು ಮೂರು ಪಟ್ಟಿಗೂ ಹೆಚ್ಚು ಗಟ್ಟಿ. ಎದುರುಬದುರು ಗೋಡೆಗಳ ನಡುವೆ ಅಡ್ಡಪಟ್ಟಿ ಬಿಗಿದರೆ ಇನ್ನೂ ಒಳ್ಳೆಯದು.

ಇಡೀ ಪೆಟ್ಟಿಗೆಯನ್ನು ಸಾಗುವಾನಿಯಲ್ಲೇ ಮಾಡುವ ಆಸೆ ಯಾರಿಗಿಲ್ಲ? ಆದರೆ ಗಟ್ಟಿಮರ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗುತ್ತದೆ, ದಾವಣಗೆರೆಯ ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಮಾತ್ರ ಅಲ್ಲಾಡುವುದಿಲ್ಲ. ಈ ಎಳೆದಾಟದಲ್ಲಿ ಸಂದು ಬಿಡುತ್ತದೆ. ಪ್ಲೈವುಡ್ಡಿನ ಪದರಗಳು ಒಂದರ ಮೇಲೊಂದು ಅಡ್ಡಡ್ಡ ಅಂಟಿರುವುದರಿಂದ ಒಂದರ ಹಿಗ್ಗನ್ನು ಇನ್ನೊಂದು ಹಿಡಿದಿಡುತ್ತದೆ. ಹಾಗಾಗಿ ಒಡಲಿಗೆ ಪ್ಲೈ, ಅಂದಕ್ಕೆ ಮೇಲೆ ಸಾಗುವಾನಿಯ ತೆಳು ವೆನೀರ್. ಆಗ ಕುಸುರಿ ಕೈಗೆ ಕೆಲಸ ಉಳಿಯುವುದು ಮೂಲೆಗಳಲ್ಲಿ: ವೆನೀರಿನ ಎಳೆ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಮುರಿಯದೆ ಹರಿಯಬೇಕು.

ಲೇಥ್ ತಯಾರಾಗುತ್ತಿದ್ದ ಊರು ಹರಿಹರಕ್ಕೆ ಸಲ್ಲುವ ಕೆಲಸ ಪೈಪಿನ ಬಾಯಿಯಲ್ಲಿದೆ. ಚೂಪು ಅಂಚಿನ ಬಾಯಿಯಲ್ಲಿ ಗಾಳಿ ಸುಳಿಗಟ್ಟಿ ಬುಸುಗುಡುತ್ತದೆ. ಕಹಳೆಯ ಹಾಗೆ ಅಂಚನ್ನು ಹೊರಕ್ಕೆ ಬಾಗಿಸಿದರೆ ಬುಸು ತಗ್ಗುತ್ತದೆ. ಇಂಥ ಬಳೆಯನ್ನು ಮರದಲ್ಲಿ ಕಡೆಯಲು ಲೇಥ್ ಬೇಕು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಂಪನಿ ಲೇಥ್ ತಯಾರಿಸಿದ್ದು ಇದೇ ಊರಿನಲ್ಲಿ. ಅದಕ್ಕೂ ಏಳು ಶತಮಾನ ಹಿಂದೆ, 1224ರ ಹೊತ್ತಿಗೆ ಪೊಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರ ಗುಡಿಯ ಕಂಬಗಳಲ್ಲಿ ಕಲ್ಲನ್ನೇ ತಿರುಗಿಸಿ ಕಡೆದ ನುಣುಪಿದೆ.

ಪೆಟ್ಟಿಗೆ ಮುಗಿದ ಮೇಲೆ ಪಾಲಿಶ್‌ಗೆ ಮುಂಚೆ ಎರಡು ಪರೀಕ್ಷೆ. 40 ಹರ್ಟ್ಸ್ ಸ್ವರ ಹಾಕಿ, ಹೊತ್ತಿಸಿದ ಊದುಬತ್ತಿಯನ್ನು ಸಂದುಗಳುದ್ದಕ್ಕೂ ಸರಿಸಿ. ಹೊಗೆ ತಟಕ್ಕನೆ ಬೆದರಿದ ಕಡೆ ಸಂದಿನಲ್ಲಿ ಸೋರಿಕೆಯಿದೆ, ಅಲ್ಲಿ ಅಂಟು ತುಂಬಿ. ಆಮೇಲೆ ಸ್ವರವನ್ನು ಮೆಲ್ಲಗೆ ಏರಿಸುತ್ತಾ ಅಂಗೈಯನ್ನು ಪಕ್ಕದ ಹಲಗೆಯ ನಡುಮಧ್ಯೆ ಊರಿ. ಎಲ್ಲಿಯಾದರೂ ಕೈ ಝುಮ್ಮೆಂದರೆ ಆಂಪ್ಲಿಫಯರಿನ ವಾಟು ಮರಕ್ಕೆ ಹೋಗುತ್ತಿದೆ ಎಂದರ್ಥ. ಪಾಲಿಶ್ ಡಬ್ಬಿ ಮುಚ್ಚಿಟ್ಟು ಇನ್ನೊಂದು ಅಡ್ಡಪಟ್ಟಿ ಕತ್ತರಿಸಿ.