ಬಾವಿಯೊಳಗಿನ ಜಾಯಿಂಟಿಗೆ ಬಿಗಿ ಸ್ಲೀವ್

ಹುನ್ನೂರ, ಜಮಖಂಡಿ ಸುತ್ತಿನ ಕಬ್ಬಿನ ಹೊಲಗಳಲ್ಲಿ ಮೋಟರ್ ನಿಂತಿತೆಂದರೆ ರೈತನ ನಿದ್ದೆ ಹೋಯಿತೆಂದೇ ಅರ್ಥ. ಪೈಪಿನ ಸಮೇತ ಸಬ್‌ಮರ್ಸಿಬಲ್ ಎತ್ತಿಸಬೇಕು, ಅದಕ್ಕೆ ಆಳು ಹುಡುಕಬೇಕು, ವೈಂಡಿಂಗ್ ಅಂಗಡಿಯಲ್ಲಿ ಪಾಳಿ ಕಾಯಬೇಕು. ಇಷ್ಟೆಲ್ಲ ಮಾಡಿ ನೋಡಿದರೆ ಕೆಲವೊಮ್ಮೆ ವೈಂಡಿಂಗ್ ಸರಿಯಾಗಿಯೇ ಇರುತ್ತದೆ. ಕೆಟ್ಟಿದ್ದು ಮೋಟರಿನ ವೈರಿಗೂ ಕೇಬಲ್ಲಿಗೂ ನಡುವೆ ಹಾಕಿದ ಜಾಯಿಂಟ್! ಸುತ್ತಿದ ಟೇಪ್ ಸಡಿಲಾಗಿ, ನೀರು ಒಳಗಿಳಿದು, ತಾಮ್ರ ಹಸಿರುಗಟ್ಟಿರುತ್ತದೆ.

ನೀರಿನ ಬೆಲೆಯನ್ನು ಈ ಭಾಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಹಾಕಿ, ಮೈಮುರಿದು ದುಡಿದು, ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅಷ್ಟು ಕಷ್ಟಪಟ್ಟು ನಿಲ್ಲಿಸಿದ ನೀರನ್ನು ಹೊಲಕ್ಕೆ ಎತ್ತುವುದು ಮೋಟರ್. ಆ ಮೋಟರಿನ ಆಯುಷ್ಯ ಗೇಣುದ್ದದ ಜಾಯಿಂಟಿನಲ್ಲಿದೆ. ಅದನ್ನು ಕಾಯಲು ಇರುವ ಅಗ್ಗದ ಸಾಧನ ಹೀಟ್ ಶ್ರಿಂಕ್ ಸ್ಲೀವ್.

ನೋಡಲು ಸಾದಾ ಪ್ಲಾಸ್ಟಿಕ್ ನಳಿಗೆ. ಆದರೆ ಬಿಸಿ ತಾಗಿದರೆ ಕರಗದೆ ಕುಗ್ಗುತ್ತದೆ. ಪಾಲಿಥೀನಿನ ಬಿಡಿ ಎಳೆಗಳು ವಿಕಿರಣ ತಾಗಿದಾಗ ಬನಹಟ್ಟಿಯ ಮಗ್ಗದ ಹಾಸುಹೊಕ್ಕಿನಂತೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇದನ್ನು 1952ರಲ್ಲಿ ತೋರಿಸಿಕೊಟ್ಟವರು ಬ್ರಿಟನ್ನಿನ ಆರ್ಥರ್ ಚಾರ್ಲ್ಸ್‌ಬಿ. 1957ರಲ್ಲಿ ಪಾಲ್ ಕುಕ್ ಅಮೆರಿಕದಲ್ಲಿ ಶುರು ಮಾಡಿದ ರೇಕೆಮ್ ಕಂಪನಿ ಇದೇ ಗುಣವನ್ನು ಮಾರುಕಟ್ಟೆಗೆ ತಂದಿತು. ಬೆಸೆದ ನಳಿಗೆಯನ್ನು ಕಾಯಿಸಿ, ಹಿಗ್ಗಿಸಿ, ಹಾಗೆಯೇ ತಣಿಸುತ್ತಾರೆ. ಮತ್ತೆ ಬಿಸಿ ಕೊಟ್ಟಾಗ ಅದು ತನ್ನ ಹಳೆಯ ಅಳತೆಗೆ ಮರಳುತ್ತದೆ. 2:1 ಎಂದು ಬರೆದಿದ್ದರೆ 6 ಮಿ.ಮೀ. ನಳಿಗೆ 3 ಮಿ.ಮೀ.ಗೆ ಇಳಿಯುತ್ತದೆ ಎಂದರ್ಥ.

ನೀರಿನೊಳಗಿನ ಜಾಯಿಂಟಿಗೆ ಸಾದಾ ಸ್ಲೀವ್ ಸಾಲದು. ಒಳಮೈಗೆ ಅಂಟು ಬಳಿದದ್ದೇ ಬೇಕು. ವೈರ್ ಸೇರಿಸುವ ಮೊದಲೇ ಸ್ಲೀವ್ ತೊಡಿಸಿಟ್ಟುಕೊಳ್ಳಬೇಕು, ಆಮೇಲೆ ದಾರಿಯಿಲ್ಲ. ಮೂರು ಫೇಸಿನ ಮೂರೂ ಜಾಯಿಂಟ್ ಒಂದೇ ಕಡೆ ಬರದಂತೆ ವೈರುಗಳನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ, ತಾಮ್ರವನ್ನು ಉಜ್ಜಿ, ಗಟ್ಟಿಯಾಗಿ ಒತ್ತಿ ಇಲ್ಲವೇ ಬೆಸುಗೆ ಹಾಕಬೇಕು. ಚೂಪು ತುದಿ ಉಳಿದರೆ ಸ್ಲೀವ್ ಹರಿಯುತ್ತದೆ. ಬಿಸಿ ಗಾಳಿಯನ್ನು ನಡುವಿನಿಂದ ಎರಡೂ ತುದಿಗಳತ್ತ ಸರಿಸುತ್ತ ಹೋದರೆ ಒಳಗಿನ ಗಾಳಿ ಹೊರಬೀಳುತ್ತದೆ. ತುದಿಗಳಲ್ಲಿ ಅಂಟು ಸುತ್ತಲೂ ಒಸರಿ ಕಂಡಾಗಲೇ ಕೆಲಸ ಮುಗಿಯಿತೆನ್ನಬೇಕು. ಬೆಂಕಿಕಡ್ಡಿ ಗೀರಿ ಸುಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ಒಂದು ಬದಿ ಕರಿಯಾಗುತ್ತದೆ, ಇನ್ನೊಂದು ಬದಿ ಸಡಿಲವೇ ಉಳಿಯುತ್ತದೆ.

ಸ್ಲೀವಿನ ಇನ್ನೊಂದು ಉಪಯೋಗವನ್ನು ನಾವು ಮರೆತೇಬಿಟ್ಟಿದ್ದೇವೆ: ಗುರುತು. ಕೆಂಪು, ಹಳದಿ, ನೀಲಿ ಫೇಸ್‌ಗಳಲ್ಲಿ ಯಾವ ಎರಡು ಅದಲುಬದಲಾದರೂ ಮೋಟರ್ ಉಲ್ಟಾ ತಿರುಗುತ್ತದೆ. ಸದ್ದು ಇರುತ್ತದೆ, ನೀರು ಸಣ್ಣಗೆ ಬರುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರಿಗಂತೂ ಆರು ವೈರು. ಗುರುತಿಲ್ಲದೆ ಬಿಚ್ಚಿ, ಅಂದಾಜಿನ ಮೇಲೆ ಜೋಡಿಸಿದರೆ ವೈಂಡಿಂಗೇ ಸುಡಬಹುದು. ಥ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಗೆ ಬಂದಾಗ, ಬ್ಯಾಟರಿ ಬೆಳಕಿನಲ್ಲಿ ಸ್ಟಾರ್ಟರ್ ಪೆಟ್ಟಿಗೆ ತೆರೆದವನಿಗೆ ಬಣ್ಣದ ನಾಲ್ಕು ತುಂಡು, ಅಂಕಿ ಅಚ್ಚಾದ ಎರಡು ಸ್ಲೀವ್ ಎಷ್ಟು ದೊಡ್ಡ ಆಸರೆ!

ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳಿಗೂ ಇದೇ ಮಾತು. ಅಲ್ಲಿ ದಿನವಿಡೀ ನಡುಕ, ಮೇಲೆ ಹತ್ತಿಯ ಧೂಳು. ಸಡಿಲ ಜಾಯಿಂಟ್ ಕಾದರೆ ಕಿಡಿಗೆ ಮೇವು ಪಕ್ಕದಲ್ಲೇ ಇರುತ್ತದೆ. ಸಡಿಲ ಜಾಯಿಂಟಿನ ಮೇಲೆ ಸ್ಲೀವ್ ಹಾಕಿ ಮುಚ್ಚುವುದೂ ತಪ್ಪು. ಮೊದಲು ಜಾಯಿಂಟ್ ಗಟ್ಟಿಯಾಗಬೇಕು.

ರೈತ ಬಾಂಧವರಲ್ಲಿ ಒಂದು ವಿನಂತಿ. ಮುಂದಿನ ಸಲ ಮೋಟರ್ ಎತ್ತಿಸಿದಾಗ ಅಂಟಿನ ಸ್ಲೀವನ್ನೇ ಕೇಳಿ ಹಾಕಿಸಿ, ಬಾವಿಗೆ ಇಳಿಸುವ ಮೊದಲು ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಚ್ಚಿ ನೋಡಲು ಹೇಳಿ. ಸ್ಟಾರ್ಟರ್ ಪೆಟ್ಟಿಗೆಗೆ ಕೈ ಹಾಕುವ ಮುಂಚೆ ಮೇನ್ ಸ್ವಿಚ್ ತೆಗೆದಿದೆಯೇ ಎಂದು ನೀವೇ ಖಾತ್ರಿ ಮಾಡಿಕೊಳ್ಳಿ.