ಸ್ಟೆಪ್ನಿಗೊಂದು ಪೀಠ

ಕನ್ನಡ ಮೇಷ್ಟರಿಗೂ ಕಬ್ಬಿಣದ ಕೆಲಸಕ್ಕೂ ಎಲ್ಲಿಯ ನಂಟು ಎಂದು ಓದುಗರು ಕೇಳಿದರೆ ತಪ್ಪಿಲ್ಲ. ಹಳಗನ್ನಡ ಪದ್ಯಗಳ ಅನ್ವಯವನ್ನು ಬಿಡಿಸಿ ಹೇಳುವುದರಲ್ಲಿಯೇ ಇಪ್ಪತ್ತು ವರ್ಷ ಕಳೆದವನು ನಾನು. ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಪಕ್ಕದ ಮನೆಯ ಹುಡುಗನನ್ನು ಕರೆಯುವುದು ನಮ್ಮಲ್ಲಿ ವಾಡಿಕೆ. ಅಂಥವನು 2023ರ ಬೇಸಗೆಯ ರಜೆಯಲ್ಲಿ ತಮ್ಮನ ಮನೆಗೆಂದು ವೇಲ್ಸ್ ನಾಡಿನ ಸ್ವಾನ್ಸಿ ನಗರಕ್ಕೆ ಹೋಗಿ, ಅಲ್ಲಿ ಹನ್ನೆರಡು ದಿನ ಅವನ ಪುಟ್ಟ ಕಾರಿನ ಬೆನ್ನಿಗೆ ಸ್ಟೆಪ್ನಿ ಹೊರುವ ಚೌಕಟ್ಟೊಂದನ್ನು ಮಾಡುವುದರಲ್ಲಿ ಮೈಕೈ ಮಸಿ ಮಾಡಿಕೊಂಡು ಬಂದೆ. ನೋಡಬೇಕೆಂದು ಪಟ್ಟಿ ಮಾಡಿಕೊಂಡು ಹೋಗಿದ್ದ ಕೋಟೆಗಳಲ್ಲಿ ಅರ್ಧವನ್ನೂ ನೋಡಲಾಗಲಿಲ್ಲ. ಅದಕ್ಕಾಗಿ ನನಗೆ ವಿಶೇಷ ದುಃಖವೂ ಇಲ್ಲ.

ಮೊದಲು ಕಾರಿನ ಪರಿಚಯ. ಅದು ಮಜ್ದಾ ಕಂಪೆನಿಯ ಎಂಎಕ್ಸ್-5. ಅಮೆರಿಕದವರು ಅದನ್ನು ಮಿಯಾಟಾ ಎನ್ನುತ್ತಾರೆ. 1989ರಲ್ಲಿ ಶಿಕಾಗೋ ನಗರದ ಪ್ರದರ್ಶನದಲ್ಲಿ ಮೊದಲು ಜನರ ಕಣ್ಣಿಗೆ ಬಿದ್ದ ಈ ಮಾದರಿ, 2016ರ ಹೊತ್ತಿಗೆ ಹತ್ತು ಲಕ್ಷವನ್ನು ಮುಟ್ಟಿತು. ತಮ್ಮನದು ಮೊದಲ ಪೀಳಿಗೆಯದು, 1990ರದು. ಎರಡೇ ಆಸನ, ಬಟ್ಟೆಯ ಮಾಡು, ಮಳೆ ನಿಂತರೆ ಹಿಂದಕ್ಕೆ ಮಡಚಿಡಬಹುದು, ದೀಪ ಹಾಕಿದಾಗ ಮುಂದಿನ ಎರಡು ಕಣ್ಣುಗಳು ನಿದ್ದೆಯಿಂದೆದ್ದವರಂತೆ ರೆಪ್ಪೆ ತೆರೆದು ಮೇಲೇಳುತ್ತವೆ. ನೋಡುವುದಕ್ಕೆ ಮುದ್ದಾದ ವಾಹನವೇ. ಆದರೆ ಅದರ ಡಿಕ್ಕಿಯಲ್ಲಿ ನಮ್ಮ ಊರಿನ ಮದುವೆಗೆ ಬೇಕಾಗುವ ಒಂದು ದೊಡ್ಡ ಪಾತ್ರೆಯೂ ಹಿಡಿಸಲಾರದು. ಬ್ಯಾಟರಿಯೂ ಅಲ್ಲಿಯೇ, ಸ್ಟೆಪ್ನಿಯೂ ಅಲ್ಲಿಯೇ.

ಈ ‘ಡಿಕ್ಕಿ’ ಎಂಬ ಮಾತನ್ನು ಕೇಳಿ ತಮ್ಮನ ನೆರೆಯವರು ನಕ್ಕುಬಿಟ್ಟರು. ಇಂದಿನ ಇಂಗ್ಲಿಷರಿಗೆ ಅದು ‘ಬೂಟ್’, ಅಮೆರಿಕದವರಿಗೆ ‘ಟ್ರಂಕ್’. ಹಳೆಯ ಗಾಡಿಗಳ ಹಿಂಭಾಗದಲ್ಲಿ ತೆರೆದುಕೊಳ್ಳುತ್ತಿದ್ದ ‘ಡಿಕಿ ಸೀಟ್’ ಅಲ್ಲಿ ಮರೆತುಹೋಗಿ, ಹೆಸರು ಮಾತ್ರ ನಮ್ಮಲ್ಲಿ ಉಳಿದುಕೊಂಡಿದೆ. ಕನ್ನಡದಲ್ಲಿ ಒಂದು ವಾಹನ ಇನ್ನೊಂದಕ್ಕೆ ಹಾಯುವುದೂ ಡಿಕ್ಕಿಯೇ ಆದ್ದರಿಂದ, ಹಿಂದಿನಿಂದ ಡಿಕ್ಕಿಯಾದರೆ ಡಿಕ್ಕಿಗೇ ಆಗುತ್ತದೆ ಎಂದು ನಾನು ವಿವರಿಸಹೋದೆ, ಅವರಿಗೆ ತಿಳಿಯಲಿಲ್ಲ. ತಮ್ಮನೂ ನಗಲಿಲ್ಲ.

ನಾಲ್ಕು ದಿನ ಉತ್ತರ ವೇಲ್ಸಿನ ಬೆಟ್ಟಗಳಿಗೆ ಹೋಗುವುದೆಂದು ಇಬ್ಬರೂ ನಿಶ್ಚಯಿಸಿದ್ದೆವು. ಗುಡಾರ, ಹಾಸಿಗೆ, ಒಲೆ, ನನ್ನ ಕಂಬಳಿ, ಎಲ್ಲವೂ ಹಿಡಿಸಬೇಕಾದರೆ ಸ್ಟೆಪ್ನಿಯನ್ನು ಮನೆಯಲ್ಲಿಯೇ ಬಿಡುವುದು ಎಂದು ತಮ್ಮ ಹೇಳಿದ. ಬದಲಿಗೆ ಒಂದು ಡಬ್ಬಿ: ತೂತಾದ ಟೈರಿನೊಳಗೆ ನೊರೆಯಂಥ ಅಂಟನ್ನು ತುಂಬಿ, ಪುಟ್ಟ ಪಂಪಿನಿಂದ ಗಾಳಿ ಹಾಕಿದರೆ ಮುಗಿಯಿತಂತೆ. “ಅಣ್ಣ, ಈಗ ಬರುವ ಎಷ್ಟೋ ಕಾರುಗಳಿಗೆ ಸ್ಟೆಪ್ನಿಯೇ ಇಲ್ಲ. ಇದೇ ಎಂಎಕ್ಸ್-5ಕ್ಕೂ ಮೂರನೆಯ ಪೀಳಿಗೆಯಿಂದ ಕೊಡುವುದನ್ನು ಬಿಟ್ಟಿದ್ದಾರೆ” ಎಂದ. ಅವನ ಮಾತು ನಿಜ. ಆದರೆ ಆ ನೊರೆ ಮುಚ್ಚುವುದು ಟೈರು ನೆಲವನ್ನು ತಾಗುವ ಭಾಗದ ಮೊಳೆಯ ತೂತನ್ನು; ಕಲ್ಲಿನ ಅಂಚಿಗೆ ಸಿಕ್ಕಿ ಪಕ್ಕದ ಗೋಡೆ ಹರಿದರೆ ಅದು ಏನೂ ಮಾಡಲಾರದು. ಇದೂ ನಿಜ. ನಾನು ಸ್ಟೆಪ್ನಿ ಇಲ್ಲದೆ ಬರುವುದಿಲ್ಲವೆಂದೆ. ಹಟ ಹಿಡಿದೆನೆಂದೇ ಹೇಳಬೇಕು. ನಲವತ್ತು ದಾಟಿದ ಅಣ್ಣ ಹೀಗೆ ಹಟ ಮಾಡುವುದನ್ನು ಕಂಡು ಅವನಿಗೆ ಆಶ್ಚರ್ಯವಾಯಿತು.

ಅವನಿಗೆ ನೆನಪಿಲ್ಲ. 1991ರ ಜುಲೈನಲ್ಲಿ ಅವನಿಗೆ ಐದು ವರ್ಷ, ನನಗೆ ಹನ್ನೆರಡು. ರಾತ್ರಿ ಅಪ್ಪನಿಗೆ ಎದೆನೋವು ಬಂದು, ಬಾಡಿಗೆಯ ಅಂಬಾಸಿಡರಿನಲ್ಲಿ ತೀರ್ಥಹಳ್ಳಿಯಿಂದ ಘಟ್ಟದ ಕೆಳಗಿನ ಆಸ್ಪತ್ರೆಗೆ ಹೊರಟಿದ್ದೆವು. ಆಗುಂಬೆ ಘಾಟಿಯಲ್ಲಿ 14 ತಿರುವುಗಳು; ನಾಲ್ಕನೆಯದೋ ಐದನೆಯದೋ ಇಳಿಯುವಾಗ ಹಿಂದಿನ ಟೈರು ಸದ್ದು ಮಾಡಿ ಕುಸಿಯಿತು. ಚಾಲಕ ಮಳೆಯಲ್ಲಿಯೇ ಜಾಕು ಕೊಟ್ಟು ಗಾಲಿ ಬಿಚ್ಚಿ, ಡಿಕ್ಕಿಯಿಂದ ಸ್ಟೆಪ್ನಿಯನ್ನು ಇಳಿಸಿದ. ಇಳಿಸುತ್ತಲೇ ಅದು ಹಸಿ ಹಿಟ್ಟಿನ ಮುದ್ದೆಯಂತೆ ನೆಲಕ್ಕೆ ಕೂತಿತು. ಅದರಲ್ಲಿ ಗಾಳಿಯೇ ಇರಲಿಲ್ಲ. ಆ ಮನುಷ್ಯ ಲಾಟೀನು ಹಿಡಿದಿದ್ದ ನನ್ನ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದ. ಆ ಮುಖ ನನಗೆ ಇನ್ನೂ ಕಾಣುತ್ತದೆ. ಮುಕ್ಕಾಲು ಗಂಟೆಯ ಮೇಲೆ, ಮೀನು ತುಂಬಿಕೊಳ್ಳಲು ಬರಿದಾಗಿ ಕೆಳಗಿಳಿಯುತ್ತಿದ್ದ ವ್ಯಾನೊಂದು ಬಂದಿತು. ಅಪ್ಪನನ್ನು ಗೋಣಿಚೀಲಗಳ ಮೇಲೆ ಮಲಗಿಸಿ ಕರೆದೊಯ್ದೆವು. ತಮ್ಮ ಅಮ್ಮನ ಮಡಿಲಲ್ಲಿ ಎಚ್ಚರವಿಲ್ಲದೆ ನಿದ್ರಿಸುತ್ತಿದ್ದ. ಅಪ್ಪ ಬದುಕಿದರು, ಆ ಮೇಲೆ ಹದಿಮೂರು ವರ್ಷ ಇದ್ದರು. ಆದರೆ ಅಂದಿನಿಂದ ಯಾರ ಕಾರೇ ಆಗಲಿ, ಹತ್ತುವ ಮೊದಲು ಡಿಕ್ಕಿ ತೆಗೆಸಿ, ಸ್ಟೆಪ್ನಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡದೆ ಒಳಗೆ ಕೂರುತ್ತಿರಲಿಲ್ಲ. ನೆಂಟರು ಅದನ್ನು ಜಿಪುಣತನದಂತೆ ಒಂದು ಗೀಳೆಂದು ಎಣಿಸಿ ನಗುತ್ತಿದ್ದರು. ತಮ್ಮನೂ ನಕ್ಕಿದ್ದ. ಕಾರಣವನ್ನು ಅವನಿಗೆ ಯಾರೂ ಹೇಳಿರಲಿಲ್ಲವೆಂಬುದು ನನಗೆ ತಿಳಿದುದು ಸ್ವಾನ್ಸಿಯ ಆ ಅಂಗಳದಲ್ಲಿ.

ಹೇಳಿದೆ. ಅವನು ಮಾತಾಡದೆ ಗ್ಯಾರೇಜಿನ ಮೂಲೆಯಿಂದ ಕಾರಿನ ಮೂಲ ಸ್ಟೆಪ್ನಿಯನ್ನು ಉರುಳಿಸಿಕೊಂಡು ಬಂದ. ಅದು ಇಕ್ಕಟ್ಟಿಗೆಂದು ಮಾಡಿದ ಸಣಕಲು ಗಾಲಿ. ಗಂಟೆಗೆ 80 ಕಿಲೋಮೀಟರಿಗಿಂತ ವೇಗವಾಗಿ ಓಡಿಸಬಾರದೆಂದು ಮೈಮೇಲೆಯೇ ಬರೆದಿದೆ. ಟೈರು ತಯಾರಾದ ವಾರವನ್ನೂ ವರ್ಷವನ್ನೂ ಅದರ ಪಕ್ಕದಲ್ಲಿ ಅಂಕಿಗಳಲ್ಲಿ ಒತ್ತಿರುತ್ತಾರೆ. 2000ದಿಂದ ಈಚೆಗೆ ನಾಲ್ಕು ಅಂಕಿ, ಅದಕ್ಕೆ ಹಿಂದೆ ಮೂರು. ನಮ್ಮದರಲ್ಲಿ ಇದ್ದದ್ದು ಮೂರು. ಗಾಳಿ ತುಂಬಿತ್ತು, ರಬ್ಬರಿನಲ್ಲಿ ಮಾತ್ರ ಒಣಗಿದ ಕೆರೆಯ ತಳದ ಹಾಗೆ ಬಿರುಕು. “ಇದು ಬೇಡ. ಪೂರ್ಣ ಅಳತೆಯ ಗಾಲಿಯನ್ನೇ ಒಯ್ಯೋಣ. ಒಳಗೆ ಹಿಡಿಸದಿದ್ದರೆ ಹೊರಗೆ ಕಟ್ಟೋಣ” ಎಂದು ತಮ್ಮನೇ ಹೇಳಿದ. ಹಳೆಯ ಇಂಗ್ಲಿಷ್ ತೆರೆದ ಕಾರುಗಳಲ್ಲಿ ಹಾಗೆಯೇ ಇತ್ತು. ಎಂಜಿ ಕಂಪೆನಿಯ ಪುಟ್ಟ ಕಾರುಗಳು 1955ರವರೆಗೂ ಗಾಲಿಯನ್ನು ಬೆನ್ನಿಗೆ ಹೊತ್ತೇ ತಿರುಗಿದವು. ಆ ಚೆಲುವಿನ ಮೇಲೆ ಅವನಿಗೆ ಮೊದಲಿನಿಂದ ಕಣ್ಣಿತ್ತೆಂದು ಆಮೇಲೆ ಒಪ್ಪಿಕೊಂಡ.

ಹೊರಗೆ ಕಟ್ಟುವುದು ಹೇಳಿದಷ್ಟು ಸುಲಭವಲ್ಲ. ಡಿಕ್ಕಿಯ ಮುಚ್ಚಳದ ಮೇಲೆ ಕೂರಿಸಿದರೆ ಆ ತೆಳು ತಗಡು ಬಾಗುತ್ತದೆ. ಆದ್ದರಿಂದ ಭಾರವನ್ನು ಕಾರಿನ ಎಲುಬಿಗೇ ಕೊಡಬೇಕು. ಹಿಂದಿನ ಬಂಪರಿನ ಪ್ಲಾಸ್ಟಿಕ್ ಹೊದಿಕೆಯ ಒಳಗೆ ಒಂದು ಲೋಹದ ತೊಲೆ ಇದೆ, ಅದು ಬೋಲ್ಟು ಹಿಡಿದಿರುವ ಜಾಗದಿಂದ 6 ಮಿಲಿಮೀಟರ್ ದಪ್ಪದ ಎರಡು ತಗಡುಗಳನ್ನು ಹೊರತಂದು, ಅವುಗಳಿಗೆ 40 ಮಿಲಿಮೀಟರಿನ ಚೌಕ ಕೊಳವೆಯನ್ನು ಅಡ್ಡಲಾಗಿ ಹಿಡಿಸುವುದು, ಅದರ ಎಡತುದಿಯಲ್ಲಿ ಬಾಗಿಲಿನ ತಿರುಗಣಿಯಂತೆ ಒಂದು ನೆಟ್ಟನೆಯ ಗೂಟ, ಗೂಟಕ್ಕೆ ಸಿಕ್ಕಿಸಿದ ತೋಳು, ತೋಳಿನ ನಡುವೆ ಗಾಲಿ ಹೊರುವ ಕಂಬ, ಬಲತುದಿಯಲ್ಲಿ ಚಿಲಕ. ಡಿಕ್ಕಿ ತೆರೆಯಬೇಕಾದಾಗ ಚಿಲಕ ತೆಗೆದು ಗಾಲಿಯ ಸಮೇತ ತೋಳನ್ನು ಪಕ್ಕಕ್ಕೆ ತಿರುಗಿಸಬಹುದು.

ಗಾಲಿ ಬಂದರೆ ಹಿಂದಿನ ನಂಬರು ಫಲಕ ಮರೆಯಾಗುತ್ತದೆ. ಫಲಕ ಕಾಣದಿದ್ದರೆ, ರಾತ್ರಿ ಅದಕ್ಕೆ ದೀಪವಿಲ್ಲದಿದ್ದರೆ, ಆ ದೇಶದಲ್ಲಿ ಅಪರಾಧ. ಗಾಲಿಯ ನಟ್ಟನಡುವಿನ ರಂಧ್ರ 54 ಮಿಲಿಮೀಟರಿನಷ್ಟು ಅಗಲವಿದೆ. ಕಂಬದಿಂದ ಹೊರಟ ಸಣ್ಣ ಕೊಳವೆಯೊಂದನ್ನು ಆ ರಂಧ್ರದ ಮೂಲಕ ತೂರಿಸಿ, ಅದರ ತುದಿಗೆ ಫಲಕವನ್ನೂ ಪುಟ್ಟ ದೀಪವನ್ನೂ ಹಿಡಿಸಿ, ತಂತಿಯನ್ನು ಕೊಳವೆಯ ಒಳಗೇ ಒಯ್ದೆವು. ಗಾಲಿಯನ್ನು ಬಿಚ್ಚಿ ಬಳಸಿದ ಮೇಲೂ ಫಲಕಕ್ಕೆ ನೆಲೆ ಇರುತ್ತದೆ. ಈ ಉಪಾಯ ಹೊಳೆದದ್ದು ನನಗೆ ಎಂಬುದನ್ನು ಇಲ್ಲಿ ದಾಖಲಿಸದೆ ಇರಲಾರೆ. ಕಾರಿನ ರೂಪವನ್ನು ಬದಲಿಸಿದರೆ ವಿಮೆಯವರಿಗೆ ತಿಳಿಸಬೇಕಾಗಿತ್ತು. ಅದನ್ನು ತಮ್ಮ ನೋಡಿಕೊಂಡ.

ಲೆಕ್ಕವನ್ನೂ ಹಾಕಿದೆವು. ಗಾಲಿ 13 ಕಿಲೋ, ಚೌಕಟ್ಟು 9, ಒಟ್ಟು 22. ಇದು ಹಿಂದಿನ ಅಚ್ಚಿನಿಂದ ಸುಮಾರು ಒಂದು ಮೀಟರ್ ಆಚೆಗೆ ತೂಗುತ್ತದೆ. ಎರಡು ಅಚ್ಚುಗಳ ನಡುವಣ ದೂರ 2.265 ಮೀಟರ್. ಏತದ ನ್ಯಾಯದಂತೆ ಹಿಂದಿನ ಗಾಲಿಗಳ ಮೇಲೆ 32 ಕಿಲೋ ಬೀಳುತ್ತದೆ, ಮುಂದಿನವುಗಳಿಂದ ಸುಮಾರು 10 ಕಿಲೋ ಕಳೆದುಹೋಗುತ್ತದೆ. ಒಂದು ಟನ್ನಿನೊಳಗಿನ ಹಗುರವಾದ ಕಾರಿಗೆ ಇದು ಅಪಾಯವಲ್ಲ, ಆದರೂ ತಿಳಿದಿರಬೇಕಾದ ಸಂಗತಿ. ಇನ್ನು ಗಾಲಿ ಕೂರುವ ತಟ್ಟೆಯ ನಾಲ್ಕು ತೂತುಗಳು. ಅವು 100 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ ಬರಬೇಕು. ಅಂದರೆ ಎದುರುಬದುರು ತೂತುಗಳ ನಡುವೆ 100, ಅಕ್ಕಪಕ್ಕದವುಗಳ ನಡುವೆ 70.7. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು ನನ್ನ ವಿಷಯದಲ್ಲಿ ಕಳೆದುಕೊಂಡಿದ್ದ ಭರವಸೆ ಅಂದು ಮರಳಿ ಬಂದಿತ್ತೋ ಏನೋ, ಕೈವಾರ ಹಿಡಿದು ಗುರುತು ಮಾಡಿದವನು ನಾನೇ. ಗಾಲಿ ಮೊದಲ ಸಲಕ್ಕೇ ಕೂತಿತು.

ಬೆಸುಗೆ ಹಾಕಿದವರು ಪಕ್ಕದ ಮನೆಯ ಮುದುಕರು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮನೆಯಲ್ಲಿ ಅವರು ಆಡುವುದು ವೇಲ್ಸ್ ಭಾಷೆ. ಆ ನಾಡಿನ ರಸ್ತೆಗಳ ಮೇಲೆ ‘ನಿಧಾನ’ ಎಂಬರ್ಥದ ‘ಅರಾವ್’ ಎಂಬ ಪದ ಇಂಗ್ಲಿಷಿನ ಜೊತೆಗೆ ದೊಡ್ಡದಾಗಿ ಬರೆದಿರುತ್ತದೆ. ಅದನ್ನು ಓದಿದಾಗಲೆಲ್ಲ ಕನ್ನಡದವನಿಗೆ ಏನೇನೋ ಯೋಚನೆಗಳು ಬರುತ್ತವೆ. ಅದು ಬೇರೆಯೇ ಲೇಖನವಾದೀತು.

ಮುದುಕರು ಎಚ್ಚರಿಸಿದ್ದರು, ಕಂಬದ ಬುಡ ನನಗೆ ಒಪ್ಪಿಗೆಯಿಲ್ಲ ಎಂದು. ತಮ್ಮನಿಗೆ ಅವಸರ, ಅಂದವೂ ಬೇಕು. ಬುಡಕ್ಕೆ ಆಸರೆಯ ತಗಡು ಹಾಕಿದರೆ ಕಣ್ಣಿಗೆ ಕಟ್ಟದು ಎಂದ. 60 ಕಿಲೋಮೀಟರ್ ಹಳ್ಳಿಯ ದಾರಿಯಲ್ಲಿ ಓಡಿಸಿ ಬಂದೆವು. ಮರುದಿನ ಬೆಳಗ್ಗೆ ಕಂಬದ ಬುಡದಲ್ಲಿ, ಬೆಸುಗೆ ಮುಗಿಯುವ ಅಂಚಿನಲ್ಲಿ, ಕೂದಲೆಳೆಯಷ್ಟು ತೆಳುವಾದ ಗೆರೆ. ಬಣ್ಣದ ಗೆರೆಯೆಂದು ತಮ್ಮ ಒರೆಸಿದ. ಹೋಗಲಿಲ್ಲ. ಕಬ್ಬಿಣ ಸೀಳಿತ್ತು. ಗಾಲಿಯ ತೂಕ ಹದಿಮೂರು ಕಿಲೋ ಎಂಬುದು ಕಾರು ನಿಂತಿದ್ದಾಗಿನ ಮಾತು. ಪ್ರತಿ ಹಳ್ಳದಲ್ಲಿಯೂ ಅದು ಅದರ ಕೆಲವು ಪಾಲು ಬಲದಿಂದ ಕಂಬವನ್ನು ಹಿಂದಕ್ಕೂ ಮುಂದಕ್ಕೂ ತುಯ್ಯುತ್ತದೆ. ಆ ತುಯ್ತವೆಲ್ಲ ಒಟ್ಟಾಗುವುದು ಬುಡದಲ್ಲಿ, ಬೆಸುಗೆಯ ಕೊನೆಯಲ್ಲಿ. ಹೆದ್ದಾರಿಯಲ್ಲಿ ಅದು ಮುರಿದು, ಹಿಂದೆ ಬರುವವರ ಮುಂದೆ ಗಾಲಿ ಉರುಳಿದ್ದರೆ? ನಾವಿಬ್ಬರೂ ಸ್ವಲ್ಪ ಹೊತ್ತು ಆ ಗೆರೆಯನ್ನು ನೋಡುತ್ತ ಕುಕ್ಕರಗಾಲಿನಲ್ಲಿ ಕುಳಿತಿದ್ದೆವು. ಗಾಳಿಯಿಲ್ಲದ ಸ್ಟೆಪ್ನಿಯನ್ನು ಹೊತ್ತು ತಿರುಗಿದ ಆ ಚಾಲಕನ ಮೇಲೆ ಮೂವತ್ತೆರಡು ವರ್ಷ ನಾನು ಇಟ್ಟುಕೊಂಡಿದ್ದ ಕೋಪ ಆ ಹೊತ್ತಿನಲ್ಲಿ ತುಸು ಸಡಿಲವಾಯಿತು.

ಮುದುಕರು ಬೈಯಲಿಲ್ಲ. ಸೀಳಿದ್ದನ್ನು ಪೂರ್ತಿ ಉಜ್ಜಿ ತೆಗೆದು, ಹೊಸ ಕಂಬವನ್ನಿಟ್ಟು, ಬುಡದ ಎರಡು ಬದಿಗೂ ಮುಮ್ಮೂಲೆಯ ತಗಡಿನ ಆಸರೆ ಕೊಟ್ಟು, ಗಾಲಿಯ ಹೊರಮೈ ಒರಗುವಂತೆ ರಬ್ಬರಿನ ಎರಡು ದಿಂಬು ಕೂರಿಸಿದರು. ಅಂದ ಕೆಟ್ಟಿತೆಂದು ಯಾರೂ ಹೇಳಲಿಲ್ಲ. ತಮ್ಮನ ಹೆಂಡತಿ ಬಿಸಿಲಿಗೆ ರಬ್ಬರು ಒಣಗದಿರಲೆಂದು ಕಪ್ಪು ಬಟ್ಟೆಯ ಒಂದು ಗವಸು ಹೊಲಿದುಕೊಟ್ಟಳು.

ಕೆಲಸದ ನಡುವೆ ನಾವಿಬ್ಬರೂ ‘ಸ್ಟೆಪ್ನಿ, ಸ್ಟೆಪ್ನಿ’ ಎನ್ನುವುದನ್ನು ಕೇಳಿ ಮುದುಕರು ಒಂದು ದಿನ, ನಿಮ್ಮ ಭಾಷೆಯಲ್ಲಿ ಇದಕ್ಕೆ ಹಾಗೆನ್ನುತ್ತಾರೆಯೇ ಎಂದರು. ಅಲ್ಲ ಸ್ವಾಮಿ, ಇದು ನಿಮ್ಮದೇ ಎಂದೆ. ಅವರಿಗೆ ಗೊತ್ತಿರಲಿಲ್ಲ. ಅವರ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಲನೆಲಿ ಎಂಬ ಊರೇ ಆ ಪದದ ತವರು. ಊರಿನ ಹೆಸರನ್ನು ಕನ್ನಡದಲ್ಲಿ ಬರೆಯುವುದೇ ತಪ್ಪು. ಎರಡು ಲಕಾರ ಕೂಡಿದಲ್ಲಿ ನಾಲಿಗೆಯ ಬದಿಯಿಂದ ಉಸಿರನ್ನು ಸುಸುಮನೆ ಬಿಡಬೇಕು. ತರಗತಿಯಲ್ಲಿ ಹಳಗನ್ನಡದ ೞಕಾರವನ್ನು ಗತ್ತಿನಿಂದ ಉಚ್ಚರಿಸಿ ತೋರಿಸುವ ನನ್ನ ಬಾಯಿಗೆ ಅದು ಕಡೆಗೂ ಒಗ್ಗಲಿಲ್ಲ. ಮೋಟಾರು ಹೊಸದಾಗಿದ್ದ ಕಾಲದಲ್ಲಿ ಕಾರಿನ ಗಾಲಿಯನ್ನು ಬಿಚ್ಚುವಂತಿರಲಿಲ್ಲ. ಪಂಕ್ಚರಾದರೆ ದಾರಿಯ ಮಗ್ಗುಲಲ್ಲಿ ಕುಳಿತು ಟೈರು ಕಿತ್ತು ತೇಪೆ ಹಾಕಬೇಕು. 1904ರಲ್ಲಿ ಲನೆಲಿಯ ತಾಮಸ್ ಮಾರಿಸ್ ಡೇವಿಸ್ ಎಂಬಾತ ಕಡ್ಡಿಗಳೇ ಇಲ್ಲದ, ಗಾಳಿ ತುಂಬಿದ ಟೈರುಳ್ಳ ಒಂದು ಬಳೆಯನ್ನು ಮಾಡಿದ. ಕೆಟ್ಟ ಗಾಲಿಯನ್ನು ತೆಗೆಯುವುದೇ ಬೇಡ, ಅದರ ಪಕ್ಕಕ್ಕೆ ಈ ಬಳೆಯನ್ನು ಕೊಂಡಿಗಳಿಂದ ಬಿಗಿದರೆ ಭಾರವನ್ನು ಅದು ಹೊರುತ್ತದೆ. ಅವನ ಕೆಲಸದ ಮನೆ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಬೀದಿಗೆ ಆ ಹೆಸರು ಊರಿನ ಹಳೆಯ ಜಮೀನ್ದಾರ ಮನೆತನದಿಂದ ಬಂದದ್ದು. ಗಾಲಿಗಳನ್ನೇ ಬಿಚ್ಚಿ ಬದಲಿಸುವ ವಿಧಾನ ಬಂದ ಮೇಲೆ ಆ ಬಳೆ ಕಾಣೆಯಾಯಿತು. ಬ್ರಿಟನ್ನಿನಲ್ಲಿ ಹೆಸರೂ ಹೋಯಿತು. ನಮ್ಮಲ್ಲಿ, ಮಾಲ್ಟಾ ದ್ವೀಪದಲ್ಲಿ, ಸ್ವಲ್ಪ ರೂಪ ಬದಲಿಸಿಕೊಂಡು ಬ್ರೆಜಿಲಿನ ಪೋರ್ಚುಗೀಸಿನಲ್ಲಿ ಉಳಿಯಿತು. ಕನ್ನಡದಲ್ಲಂತೂ ಕಾರಿನಿಂದ ಇಳಿದು ಮನುಷ್ಯರಿಗೂ ಅಂಟಿಕೊಂಡು, ಸಭ್ಯರ ಮುಂದೆ ಹೇಳಲಾಗದ ಒಂದು ಅರ್ಥವನ್ನೂ ಸಂಪಾದಿಸಿದೆ. ಅದನ್ನು ಮುದುಕರಿಗೆ ನಾನು ಹೇಳಲಿಲ್ಲ; ತಮ್ಮ ಹೇಳಿದ.

ಹೊಸ ಚೌಕಟ್ಟಿನ ಪರೀಕ್ಷೆಗೆಂದು ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ಆ ಊರಿಗೇ ಹೋದೆವು. ಹಿಂದಿನ ಕನ್ನಡಿಯಲ್ಲಿ ಗಾಲಿಯ ಮೇಲಂಚು ಅರ್ಧಚಂದ್ರದಂತೆ ಕಾಣುತ್ತಿತ್ತು. ಒಂದು ಸದ್ದೂ ಇಲ್ಲ. ಒಂದು ಕಾಲಕ್ಕೆ ತವರ ಬಳಿದ ತಗಡಿಗೆ ಹೆಸರಾಗಿದ್ದ ಊರು ಅದು, ಈಗ ಸಪ್ಪಗಿದೆ. ಸ್ಟೆಪ್ನಿ ಬೀದಿಯಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಕಾರನ್ನು ದೂರದಲ್ಲಿ ನಿಲ್ಲಿಸಿ, ಬುಡದ ಬೆಸುಗೆಯನ್ನು ಇಬ್ಬರೂ ಬೆರಳಾಡಿಸಿ ನೋಡಿ, ನಡೆದು ಹೋದೆವು. ಸಾಧಾರಣವಾದ ಅಂಗಡಿ ಬೀದಿ, ತುಂತುರು ಮಳೆ. ಆ ಹೊತ್ತಿಗೆ ಸರಿಯಾಗಿ ಊರಿನಿಂದ ಅಮ್ಮನ ಫೋನು ಬಂತು. ತಮ್ಮ ಉತ್ಸಾಹದಿಂದ, “ಅಮ್ಮಾ, ನಾವೀಗ ಸ್ಟೆಪ್ನಿ ಬೀದಿಯಲ್ಲಿ ನಿಂತಿದ್ದೇವೆ” ಎಂದ.

ಆ ಕಡೆ ಒಂದು ಗಳಿಗೆ ಮೌನ.

“ಯಾಕೋ, ಪಂಕ್ಚರಾಯಿತೇನೋ? ಗಾಳಿ ಇದೆ ತಾನೇ ಅದರಲ್ಲಿ?” ಎಂದಳು ಅಮ್ಮ.