ಕೆರೆ ಬಲ್ಲವರ ಗಾಳಕ್ಕೆ ಮೀನು

ವಾರವಿಡೀ ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿಬರುವವರಿಗೆ ಭಾನುವಾರದ ಅಗ್ಗದ ಬಿಡುವೆಂದರೆ ಕೆರೆದಂಡೆ. ಬಿದಿರುಕೋಲು, ನೈಲಾನ್ ದಾರ, ಡಬ್ಬಿಯಲ್ಲಿ ಒಂದಿಷ್ಟು ಎರೆಹುಳು: ಬಂಡವಾಳ ಇಷ್ಟೇ. ಆದರೂ ಒಬ್ಬರ ಚೀಲ ತುಂಬುತ್ತದೆ, ಪಕ್ಕದಲ್ಲೇ ದುಬಾರಿ ರಾಡ್ ಹಿಡಿದು ಕೂತವರು ಬರಿಗೈಲಿ ಏಳುತ್ತಾರೆ. ಮೊದಲಿನವರಿಗೆ ಕೆರೆ ಗೊತ್ತಿರುತ್ತದೆ, ಅಷ್ಟೇ.

ಕೋಲಾರ ಜಿಲ್ಲೆಗೆ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಪಾಲಾರ್, ಮಾರ್ಕಂಡೇಯ ಮಳೆ ಬಿದ್ದಾಗ ಹರಿದು ಕೆರೆಕಟ್ಟೆಗಳಲ್ಲಿ ನಿಲ್ಲುತ್ತವೆ. ಪಾಲಾರ್ ನೀರು ನಿಲ್ಲುವ ಬೇತಮಂಗಲದ ಕೆರೆ ಕಳೆದ ಶತಮಾನದ ಆರಂಭದಿಂದ ಕೆಜಿಎಫ್ ಗಣಿ ಕಾಲೊನಿಗಳಿಗೆ ಕುಡಿಯುವ ನೀರು ಕೊಟ್ಟಿತು. ಹೈದರಾಲಿ ಹುಟ್ಟಿದ ಬೂದಿಕೋಟೆಯ ಬಳಿ ಮಾರ್ಕಂಡೇಯ ಜಲಾಶಯವಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿತು. 2021ರ ನವೆಂಬರ್ ಮಳೆಗೆ ಎಷ್ಟೋ ಕೆರೆಗಳು ಕೋಡಿ ಬಿದ್ದವು. ನೀರಿನ ಹಿಂದೆ ಮೀನು, ಮೀನಿನ ಹಿಂದೆ ಗಾಳ.

ಎಲ್ಲಿ ಕೂರಬೇಕು?

ಕೆರೆ ಮನುಷ್ಯ ಕಟ್ಟಿದ್ದಾದ್ದರಿಂದ ಅದರ ಆಳ ದಡದಲ್ಲಿ ನಿಂತೇ ತಿಳಿಯುತ್ತದೆ. ಏರಿ, ತೂಬಿನ ಬಳಿ ಆಳ. ನೀರು ಬಂದು ಸೇರುವ ಕಡೆ ತೆಳುನೀರು, ಜೊಂಡು. ಬೇಸಿಗೆಯ ನಡುಹಗಲು ದೊಡ್ಡ ಮೀನು ಆಳಕ್ಕಿಳಿಯುತ್ತದೆ. ಮಳೆಯ ಹೊಸ ನೀರು ನುಗ್ಗಿದಾಗ ಮೇವು ಹುಡುಕುತ್ತ ಕಾಲುವೆ ಬಾಯಿಗೆ ಬರುತ್ತದೆ. ಗಾಳಿ ಯಾವ ದಡಕ್ಕೆ ಅಲೆ ತಳ್ಳುತ್ತಿದೆಯೋ ಅಲ್ಲಿ ಮೇವೂ ಸೇರುತ್ತದೆ. ನೀರು ಹಸಿರುಗಟ್ಟಿದ್ದರೆ ನಸುಕಿನಲ್ಲೇ ಓಡಬೇಡಿ. ರಾತ್ರಿಯಿಡೀ ಪಾಚಿ ಆಮ್ಲಜನಕ ಹೀರಿರುತ್ತದೆ. ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆಯೇ ಹೊರತು ಮೇವು ಮುಟ್ಟುವುದು ಕಡಿಮೆ. ಒಂದಿಷ್ಟು ಬಿಸಿಲೇರಲಿ.

ಎಷ್ಟು ಆಳಕ್ಕೆ ಬಿಡಬೇಕು?

ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇಲ್ಪದರದಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲ್, ಸಾಮಾನ್ಯ ಗೆಂಡೆ ತಳ ಕೆದಕುತ್ತವೆ. ಅದಕ್ಕೆ ತಕ್ಕಂತೆ ದಾರದ ಮೇಲೆ ಬೆಂಡು ಸರಿಸಿಕೊಳ್ಳಬೇಕು. ಗೆಂಡೆಗೆ ರಾಗಿ ಹಿಟ್ಟು, ಕಡಲೆಕಾಯಿ ಹಿಂಡಿ ಕಲಸಿದ ಗಟ್ಟಿ ಉಂಡೆ ಒಳ್ಳೆಯದು. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾಗೆ, ಅಂದರೆ ನಮ್ಮ ಜಿಲೇಬಿ ಮೀನಿಗೆ, ಬಾಯಿ ಚಿಕ್ಕದು. ಸಣ್ಣ ಗಾಳ, ಎರೆಹುಳುವಿನ ತುಂಡು ಸಾಕು. ಜೊಂಡಿನಲ್ಲಿ ಅಡಗಿ ಬೇಟೆಯಾಡುವ ಕೊರವ ಮೀನಿಗೆ ದಪ್ಪ ದಾರವೇ ಬೇಕು. ಆಗಾಗ ಗಾಳಿ ಗುಟುಕರಿಸಲು ಮೇಲೆ ಬಂದು ಅದು ತನ್ನ ಜಾಗ ತಾನೇ ತೋರಿಸಿಕೊಡುತ್ತದೆ. ಆದರೆ ಕೆಂಪು ಮರಿಗಳ ಗುಂಪು ಕಂಡರೆ ಅಲ್ಲಿ ಗಾಳ ಬೇಡ, ಕೆಳಗೆ ಕಾವಲಿಗೆ ತಾಯ್ತಂದೆ ಇರುತ್ತವೆ.

ಯಾವಾಗ ಎಳೆಯಬೇಕು?

ಬೆಂಡು ಟಕಟಕ ಕುಣಿದರೆ ಜಿಲೇಬಿ ರುಚಿ ನೋಡುತ್ತಿದೆ, ಸುಮ್ಮನಿರಿ. ನೆಟ್ಟಗೆ ನಿಂತ ಬೆಂಡು ಮೇಲೆದ್ದು ಅಡ್ಡ ಮಲಗಿದರೆ ತಳದ ಗೆಂಡೆ ಮೇವಿನ ಜತೆ ಸೀಸವನ್ನೂ ಎತ್ತಿದೆ ಎಂದರ್ಥ. ಆಗ ಮಣಿಕಟ್ಟಿನಿಂದ ಚಿಕ್ಕದೊಂದು ಜಗ್ಗು ಕೊಡಬೇಕು. ತೋಳೆತ್ತಿ ಸೆಳೆದರೆ ಮೀನಿನ ತುಟಿ ಹರಿದು ಗಾಳ ವಾಪಸ್ ಬರುತ್ತದೆ. ಗಾಳದ ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿ, ಜಾರಿದರೆ ಮೊಂಡಾಗಿದೆ. ನೈಲಾನ್ ಗಂಟನ್ನು ಬಿಗಿಯುವ ಮುನ್ನ ಒದ್ದೆ ಮಾಡಿ; ಒಣಗಂಟು ತಿಕ್ಕಾಟಕ್ಕೆ ಬಿಸಿಯಾಗಿ ಸವೆಯುತ್ತದೆ.

ಕೆಜಿಎಫ್‌ನ ಸೈನೈಡ್ ದಿಬ್ಬಗಳ ಬುಡದ ಹೊಂಡ, ಗಣಿಗುಂಡಿಗಳ ತಂಟೆಗೆ ಹೋಗಬೇಡಿ. ಸಿಡಿಮದ್ದು, ವಿಷ ಬಳಸಿ ಮೀನು ಹಿಡಿಯುವುದನ್ನು ಕಾನೂನೇ ನಿಷೇಧಿಸಿದೆ. ಕುಡಿಯುವ ನೀರಿನ ಕೆರೆಯಾದರೆ ಮೊದಲು ಅನುಮತಿ ವಿಚಾರಿಸಿ. ಹಲವು ಕೆರೆಗಳ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಅಲ್ಲಿನ ಕಾಟ್ಲಾ, ರೋಹು ಯಾರೋ ದುಡ್ಡು ಕೊಟ್ಟು ತಂದು ಬಿಟ್ಟ ಮರಿಗಳು. ಗುತ್ತಿಗೆದಾರರನ್ನು ಕೇಳಿಯೇ ಕೂರಿ, ಬೆಳೆಯದ ಗೆಂಡೆಮರಿ ಸಿಕ್ಕರೆ ನೀರಿಗೇ ಬಿಡಿ. ಜಿಲೇಬಿ ಎಷ್ಟು ಸಿಕ್ಕರೂ ಸಾರಿಗಾಯಿತು. ತಾನಾಗಿಯೇ ಮರಿಹಾಕಿ ಕೆರೆ ತುಂಬಿ ಬೇರೆ ಮೀನಿನ ಮೇವಿಗೂ ಬಾಯಿ ಹಾಕುವ ಅದನ್ನು ಹಿಡಿದರೆ ಗುತ್ತಿಗೆದಾರರಿಗೂ ಬೇಸರವಾಗಲಿಕ್ಕಿಲ್ಲ.